ಹಳೆ ಜೀಪಿಗೆ ಬೇರೆ ಎಂಜಿನ್ ಹಾಕಿಸಿ ಅಫಿಡವಿಟ್ ಮಾಡಿಸಿದರೆ ಸಾಕೇ?

ಹೇಳುವುದು: ಹಳೆ ಫೋರ್ ವ್ಹೀಲ್ ಜೀಪಿಗೆ ಯಾವ ಎಂಜಿನ್, ಯಾವ ಗೇರ್‌ಬಾಕ್ಸ್ ಆದರೂ ಕೂರಿಸಬಹುದು. ನೋಟರಿ ಅಫಿಡವಿಟ್ ಇದ್ದರೆ ಆರ್‌ಟಿಒದಲ್ಲಿ ತೊಂದರೆ ಇಲ್ಲ.

ನಿಜ ಏನು: ಕೂರಿಸಲು ಬರುತ್ತದೆ. ಆದರೆ ಅಫಿಡವಿಟ್‌ನಿಂದ ಅದು ಕಾನೂನುಬದ್ಧ ಆಗುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕರು ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಗೆ ಬದಲಾಯಿಸಲು ಅನುಮೋದಿತ ಕಿಟ್ ಬಳಸಿದರೆ ವಿನಾಯಿತಿ ಇದೆ.

ಅನುಮತಿ ಇಲ್ಲದ ಮಾರ್ಪಾಡಿಗೆ ಸೆಕ್ಷನ್ 182ಎ ಅಡಿ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

ಕೆಎ-37 ನೋಂದಣಿಯ ಖಾಸಗಿ ಜೀಪು 15 ವರ್ಷ ದಾಟಿದ್ದರೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಆಗ ಗಾಡಿ ತಪಾಸಣೆಗೆ ನಿಲ್ಲುತ್ತದೆ. ಎಂಜಿನ್ ನಂಬರ್ ಆರ್‌ಸಿಗೆ ಹೊಂದದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಅಪಘಾತವಾದಾಗ ವಿಮಾ ಕಂಪನಿಯೂ ಇದೇ ನಂಬರನ್ನು ನೋಡುತ್ತದೆ. ತಿಳಿಸದೆ ಮಾಡಿದ ಮಾರ್ಪಾಡಿನ ನೆಪದಲ್ಲಿ ಕ್ಲೇಮ್ ತಿರಸ್ಕಾರವಾಗುವ ಅಪಾಯ ಇರುತ್ತದೆ.

ಗಾಡಿಗೆ ಏನಾಗುತ್ತದೆ?

ಮಹೀಂದ್ರ ಕಂಪನಿ 1947ರಲ್ಲಿ ಭಾರತದಲ್ಲಿ ವಿಲ್ಲಿಸ್ ಜೀಪ್ ಜೋಡಿಸಲು ಶುರು ಮಾಡಿತು. ಹಳೆ ಸಿಜೆ-3ಬಿ ಮಾದರಿಯಲ್ಲಿದ್ದದ್ದು 2.2 ಲೀಟರ್ ಪೆಟ್ರೋಲ್ ಎಂಜಿನ್. ಅದು ನಿಮಿಷಕ್ಕೆ 4000 ಸುತ್ತು ತಿರುಗಬಲ್ಲದು. ಅದರ ಜಾಗಕ್ಕೆ 3000 ಸುತ್ತಿಗೆ ನಿಲ್ಲುವ ಡೀಸೆಲ್ ಎಂಜಿನ್ ಕೂರಿಸಿದ್ದೀರಿ ಎಂದುಕೊಳ್ಳಿ. ಕ್ರೌನ್-ಪಿನಿಯನ್ ಅನುಪಾತ 5.38, ಟೈರು 28 ಇಂಚು ಎತ್ತರ ಇದ್ದರೆ, ಟಾಪ್ ಗೇರಿನಲ್ಲಿ ಗಂಟೆಗೆ 75 ಕಿ.ಮೀ. ಆಸುಪಾಸಿಗೆ ಎಂಜಿನ್ ದಮ್ಮು ಮುಗಿಯುತ್ತದೆ. ಗಂಗಾವತಿಯ ಗದ್ದೆಯ ಕೆಸರಿಗೆ ಇದು ಸಾಕು. ಕುಷ್ಟಗಿ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಸಾಲದು.

ಆಗ ಐದು ಗೇರಿನ ಬಾಕ್ಸ್ ಹುಡುಕುತ್ತಾರೆ. ಐದನೇ ಗೇರಿನ ಅನುಪಾತ 0.8 ಇದ್ದರೆ ಅದೇ 3000 ಸುತ್ತಿಗೆ ವೇಗ 93 ಕಿ.ಮೀ. ಹತ್ತಿರ ಬರುತ್ತದೆ. ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ:

- ಜೋಡಣೆ: ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ ಬೆಲ್ ಹೌಸಿಂಗ್ ನೇರವಾಗಿ ಕೂರಬೇಕು. ಕ್ಲಚ್ ಪ್ಲೇಟಿನ ಹಲ್ಲು ಗೇರ್‌ಬಾಕ್ಸಿನ ಶಾಫ್ಟಿಗೆ ಹೊಂದಬೇಕು. ಸ್ವಲ್ಪ ಓರೆಯಾದರೂ ಬೇರಿಂಗ್, ಕ್ಲಚ್ ಬೇಗ ಹಾಳಾಗುತ್ತವೆ.
- ಪ್ರೊಪೆಲ್ಲರ್ ಶಾಫ್ಟ್: ಟ್ರಾನ್ಸ್‌ಫರ್ ಕೇಸ್ ಇರುವುದು ಗೇರ್‌ಬಾಕ್ಸಿನ ಹಿಂದೆ. ಬಾಕ್ಸ್ ಉದ್ದವಾದರೆ ಮುಂದಿನ ಶಾಫ್ಟ್ ಉದ್ದ, ಹಿಂದಿನದು ಗಿಡ್ಡ ಆಗಬೇಕು. ಎರಡನ್ನೂ ಮತ್ತೆ ಬ್ಯಾಲೆನ್ಸ್ ಮಾಡಿಸಬೇಕು.
- ಕ್ರೌನ್-ಪಿನಿಯನ್: ವೇಗಕ್ಕಾಗಿ ಹಿಂದಿನದನ್ನಷ್ಟೇ ಬದಲಿಸಿದರೆ, ಫೋರ್ ವ್ಹೀಲ್ ಹಾಕಿದಾಗ ಮುಂದಿನ ಚಕ್ರ ಒಂದು ವೇಗಕ್ಕೆ, ಹಿಂದಿನದು ಇನ್ನೊಂದು ವೇಗಕ್ಕೆ ಎಳೆಯುತ್ತವೆ. ಟ್ರಾನ್ಸ್‌ಫರ್ ಕೇಸ್ ಮುರಿಯಬಹುದು.
- ಬ್ರೇಕ್: 60ಕ್ಕೆ ಓಡುತ್ತಿದ್ದ ಗಾಡಿ 90ಕ್ಕೆ ಓಡಿದರೆ, ನಿಲ್ಲಿಸುವಾಗ ಬ್ರೇಕ್ ಅರಗಿಸಿಕೊಳ್ಳಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, 2.25 ಪಟ್ಟು. ಎಂಜಿನ್ ಹೊಸದು, ಡ್ರಮ್ ಬ್ರೇಕ್ ಮಾತ್ರ ಹಳೆಯದೇ. ಯಲಬುರ್ಗಾದಿಂದ ಕೊಪ್ಪಳದ ಜಾತ್ರೆಗೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಹೊರಟಾಗ, ಅಡ್ಡ ಬಂದ ಎಮ್ಮೆಯ ಮುಂದೆ ಗಾಡಿ ನಿಲ್ಲಿಸಬೇಕಾದದ್ದು ಆ ಡ್ರಮ್ಮೇ.

ಹಾಗಾದರೆ ಏನು ಮಾಡಬೇಕು?

- ಮೊದಲು ಇರುವ ಎಂಜಿನ್ನನ್ನೇ ಬೋರ್ ಮಾಡಿಸಿ, ಪಿಸ್ಟನ್, ರಿಂಗ್ ಬದಲಿಸಿ ಸರಿಮಾಡಲು ಬರುತ್ತದೆಯೇ ನೋಡಿ.
- ಬದಲಿಸಲೇಬೇಕಾದರೆ ಅದೇ ಕಂಪನಿಯ, ಅದೇ ಮಾದರಿಯ ಎಂಜಿನ್ ತನ್ನಿ. ಕೆಲಸಕ್ಕೆ ಮೊದಲೇ ಆರ್‌ಟಿಒದಲ್ಲಿ ಲಿಖಿತ ಅನುಮತಿ ಕೇಳಿ, ನಂತರ ಹೊಸ ನಂಬರನ್ನು ಆರ್‌ಸಿಗೆ ಸೇರಿಸಿಸಿ.
- ಗುಜರಿಯಿಂದ ತಂದ ಎಂಜಿನ್ ಕಳವಿನ ಗಾಡಿಯದೂ ಆಗಿರಬಹುದು. ಬಿಲ್ ಇಲ್ಲದೆ ಕೊಳ್ಳಬೇಡಿ, ನಂಬರ್ ತಿದ್ದಿದ್ದರೆ ಮುಟ್ಟಲೇಬೇಡಿ.
- ಸಾಲದ ಗಾಡಿಯಾದರೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆ ಬೇಕು. ವಿಮಾ ಕಂಪನಿಗೂ ತಿಳಿಸಿ.

ಒಂದೇ ಮಾತಿನಲ್ಲಿ: ಮೆಕ್ಯಾನಿಕ್ ಕೂರಿಸಬಲ್ಲ ಎಂದಮಾತ್ರಕ್ಕೆ ಆರ್‌ಸಿ ಒಪ್ಪುವುದಿಲ್ಲ, ಹಳೆ ಬ್ರೇಕೂ ಒಪ್ಪುವುದಿಲ್ಲ. ಅಫಿಡವಿಟ್ ಸಾಕು ಎನ್ನುವ ಮೆಸೇಜ್ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಇದನ್ನು ಕಳಿಸಿ.