ಸಭೆಯ ಕಥೆಗಳು, ಭಾಗ 4: ವಾರಕ್ಕೊಂದು ಪೆನ್ನಿ

1742, ಇಂಗ್ಲೆಂಡಿನ ಬ್ರಿಸ್ಟಲ್. ಜಾನ್ ವೆಸ್ಲಿಯವರ ಮೆಥೋಡಿಸ್ಟ್ ಸಭೆ ಕಟ್ಟಿದ್ದ 'ನ್ಯೂ ರೂಮ್' ಮೇಲೆ ಸಾಲ ಇತ್ತು. ತಲೆಗೆ ವಾರಕ್ಕೊಂದು ಪೆನ್ನಿ ಕೂಡಿಸೋಣ ಅಂದ್ರು ಒಬ್ಬರು. ಬಡವರು ಎಲ್ಲಿಂದ ತರ್ತಾರೆ? ತೀರಾ ಬಡವರಾದ 11 ಜನರನ್ನ ನನಗೇ ಕೊಡಿ, ಅವರಿಗೆ ಆಗದಿದ್ರೆ ನಾನೇ ಹಾಕ್ತೀನಿ ಅಂದ್ರು ಅವರೇ.

ಹೀಗೆ ಸುಮಾರು 12 ಜನರ 'ಕ್ಲಾಸ್'ಗಳಾದವು. ಕಾಸಿಗೆ ಅಂತ ಮನೆಗೆ ಹೋದ್ರೆ ಒಬ್ಬ ಹೆಂಡತಿ ಜೊತೆ ಜಗಳದಲ್ಲಿ, ಇನ್ನೊಬ್ಬ ಕುಡಿದ ಅಮಲಲ್ಲಿ! ಭಾನುವಾರದ ಪ್ರಸಂಗ ಕೇಳಿದ್ರಷ್ಟೇ ಸಾಲದು ಅಂತ ವೆಸ್ಲಿಗೆ ಗೊತ್ತಾಯ್ತು.

ಆಮೇಲೆ ಪ್ರತಿ ಕ್ಲಾಸ್ ವಾರಕ್ಕೊಮ್ಮೆ ಒಟ್ಟಿಗೆ ಕೂತು, ಹೇಗಿದ್ದೀವಿ ಅಂತ ಒಬ್ಬೊಬ್ಬರೂ ಹೇಳಿ, ಬುದ್ಧಿ ಹೇಳಿಸಿಕೊಂಡು, ಪ್ರಾರ್ಥಿಸೋದು ರೂಢಿಯಾಯ್ತು.

ನಿಮ್ಮನ್ನ ಹಾಗೆ ಕೇಳೋರು ಯಾರಿದ್ದಾರೆ? ಕೇಳಿದ್ರೆ ನಿಜ ಹೇಳ್ತೀರಾ?