ವಾರಾನ್ನದಿಂದ ಗ್ರಂಥಾಲಯದ ಕೌಂಟರಿನವರೆಗೆ

ಕೆಲವು ತಿಂಗಳ ಹಿಂದೆ ಡೊಂಬಿವಲಿಯ ಒಂದು ಕನ್ನಡ ಮನೆಯಲ್ಲಿ ಸಂಜೆಯ ಚಹಾಕ್ಕೆ ಕುಳಿತಿದ್ದೆವು. ಆ ಮನೆಯ ಹಿರಿಯ ಮಗಳು ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾಳೆ. ತನ್ನ ಕಾಲೇಜಿನ ಗ್ರಂಥಾಲಯದಲ್ಲಿ ದಿನಕ್ಕೆ ಎರಡು ಗಂಟೆ ಕೆಲಸ ಮಾಡಲು ತನ್ನನ್ನು ಆರಿಸಿದ್ದಾರೆಂದೂ, ತಿಂಗಳಿಗೆ ಒಂದಿಷ್ಟು ಗೌರವಧನ ಸಿಗುತ್ತದೆಂದೂ ಮಾತಿನ ನಡುವೆ ಅವಳು ಸಂತೋಷದಿಂದ ತಿಳಿಸಿದಳು. ತಂದೆಯ ಮುಖ ಸಣ್ಣದಾಯಿತು. “ಅಲ್ಲ ಮಗಾ, ನಾನು ಹದಿನಾಲ್ಕನೆಯ ವಯಸ್ಸಿಗೆ ಹೋಟೆಲಿನಲ್ಲಿ ಮೇಜು ಒರೆಸಿದ್ದು, ಓದುವ ಕಾಲಕ್ಕೆ ನೀನು ದುಡಿಯುವಂತಾಗಬಾರದು ಎಂದೇ ಅಲ್ಲವೇ?” ಎಂದರು. ಹುಡುಗಿ ತಲೆ ತಗ್ಗಿಸಿದಳು. ತಾಯಿ ಮಾತಾಡದೆ ಲೋಟಗಳನ್ನು ಎತ್ತಿಕೊಂಡು ಒಳಗೆ ನಡೆದರು.

ತಂದೆಯ ನೋವು ಸುಳ್ಳಲ್ಲ; ಮಗಳ ಉತ್ಸಾಹವೂ ತಪ್ಪಲ್ಲ. ಇಬ್ಬರಲ್ಲಿ ಯಾರಿಗೆ ಏನು ಹೇಳಬೇಕೆಂದು ಆ ಹೊತ್ತಿಗೆ ನಮಗೆ ತೋಚಲಿಲ್ಲ. ಥಾಣೆ, ಕಲ್ಯಾಣ, ನವಿಮುಂಬಯಿಯ ಅನೇಕ ಮನೆಗಳಲ್ಲಿ ಇದೇ ಮಾತು ಬೇರೆ ಬೇರೆ ರೂಪದಲ್ಲಿ ನಡೆಯುತ್ತಿರುತ್ತದೆ. ಆದುದರಿಂದ, ಓದುವ ಮಕ್ಕಳು ದುಡಿಯುವ ಈ ಪದ್ಧತಿ ಎಲ್ಲಿಂದ ಬಂತು, ಅದು ಗ್ರಂಥಾಲಯದ ಬಾಗಿಲಿಗೆ ಬಂದದ್ದು ಹೇಗೆ ಎಂಬುದನ್ನು ಓದುಗರ ಮುಂದಿಡುವುದು ಒಳಿತೆಂದು ತೋರಿತು.

ಬಡ ವಿದ್ಯಾರ್ಥಿಗೆ ನಮ್ಮ ನಾಡು ಕಂಡುಕೊಂಡಿದ್ದ ಹಳೆಯ ಉಪಾಯ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆಗಳಲ್ಲಿ ಉಂಡು ಓದಿದ ಎಷ್ಟೋ ಹಿರಿಯರು ನಮ್ಮಲ್ಲಿದ್ದರು. ಉಣಬಡಿಸಿದ ತಾಯಂದಿರ ಪುಣ್ಯ ದೊಡ್ಡದು. ಆದರೆ ಉಂಡ ಹುಡುಗನ ಮನಸ್ಸಿನಲ್ಲಿ ಒಂದು ಸಂಕೋಚ ಕೊನೆಯವರೆಗೂ ಉಳಿಯುತ್ತಿತ್ತು. ಮೇಲಾಗಿ ಈ ವ್ಯವಸ್ಥೆ ಬಹುಮಟ್ಟಿಗೆ ಜಾತಿಯ ಗೆರೆಯೊಳಗೆ ನಡೆಯುತ್ತಿದ್ದುದರಿಂದ, ಗೆರೆಯ ಹೊರಗಿನ ಹುಡುಗನಿಗೆ ಯಾವ ವಾರವೂ ಇರಲಿಲ್ಲ, ಅನ್ನವೂ ಇರಲಿಲ್ಲ. ದಾನವನ್ನು ನೆಚ್ಚದೆ ದುಡಿದು ಓದಿದವರೂ ಉಂಟು. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿ ತಮ್ಮ ಖರ್ಚನ್ನು ತೂಗಿಸಿಕೊಂಡರು. 1881ರಲ್ಲಿ ಬಿ.ಎ. ಮುಗಿಸಿ ಪುಣೆಗೆ ಬಂದು ಇಂಜಿನಿಯರಾದರು. ಆ ಮನೆಪಾಠವನ್ನು ಅವಮಾನವೆಂದು ಇಂದು ಯಾರೂ ಹೇಳುವುದಿಲ್ಲ.

ಮುಂಬಯಿಗೆ ಬಂದ ನಮ್ಮವರ ಕಥೆ ಇನ್ನೂ ಕಠಿಣವಾದುದು. ಅವರಿಗೆ ಹಗಲು ಹೊಟ್ಟೆಪಾಡಿಗೆ, ರಾತ್ರಿ ಅಕ್ಷರಕ್ಕೆ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲಿ ಉಚಿತ ರಾತ್ರಿಶಾಲೆಯನ್ನು ತೆರೆಯಿತು. ಮುಂದೆ ಇತರ ಕನ್ನಡ ಸಂಸ್ಥೆಗಳೂ ಅದೇ ದಾರಿಯಲ್ಲಿ ನಡೆದವು. ಹೋಟೆಲಿನ ಮಾಣಿಯಾಗಿ, ಕ್ಯಾಂಟೀನಿನ ಹುಡುಗನಾಗಿ ದುಡಿದವರು ಅಲ್ಲಿ ಮೆಟ್ರಿಕ್ ಮುಗಿಸಿ ಬ್ಯಾಂಕು, ಕಚೇರಿಗಳನ್ನು ಸೇರಿದರು. ಡಾ. ಅಂಬೇಡ್ಕರರ ಪೀಪಲ್ಸ್ ಎಜುಕೇಶನ್ ಸೊಸೈಟಿ 1946ರಲ್ಲಿ ಆರಂಭಿಸಿದ ಸಿದ್ಧಾರ್ಥ ಕಾಲೇಜು ಬೆಳಗಿನ ತರಗತಿಗಳನ್ನು ನಡೆಸಿ, ನೌಕರಿಯಲ್ಲಿದ್ದವರಿಗೂ ಪದವಿಯ ಬಾಗಿಲು ತೆರೆಯಿತು. ಆದರೆ ಇಲ್ಲೆಲ್ಲ ದುಡಿಮೆ ಒಂದು ಕಡೆ, ಕಲಿಕೆ ಇನ್ನೊಂದು ಕಡೆ. ನಡುವೆ ರೈಲು, ಬೆವರು, ನಿದ್ದೆ. ಡೊಂಬಿವಲಿಯ ಆ ತಂದೆ ಕಂಡದ್ದು ಈ ದುಡಿಮೆಯನ್ನು. ‘ಕೆಲಸ’ ಎಂಬ ಮಾತು ಕಿವಿಗೆ ಬಿದ್ದೊಡನೆ ಅವರಿಗೆ ಆ ಮೇಜುಗಳೇ ನೆನಪಾದುದು ಸಹಜ.

ದುಡಿಮೆಯನ್ನೂ ಕಲಿಕೆಯನ್ನೂ ಒಂದೇ ಅಂಗಳಕ್ಕೆ ತಂದವರು ಕರ್ಮವೀರ ಭಾವೂರಾವ್ ಪಾಟೀಲರು. 1887ರಲ್ಲಿ ಕೊಲ್ಲಾಪುರ ಸೀಮೆಯ ಕುಂಭೋಜದ ಜೈನ ಮನೆತನದಲ್ಲಿ ಹುಟ್ಟಿದ ಇವರ ಪೂರ್ವಿಕರು ದಕ್ಷಿಣ ಕನ್ನಡದ ಮೂಡುಬಿದಿರೆಯ ಕಡೆಯವರೆಂದು ಹೇಳುತ್ತಾರೆ. 1919ರಲ್ಲಿ ಕರಾಡದ ಬಳಿಯ ಕಾಲೆ ಎಂಬ ಹಳ್ಳಿಯಲ್ಲಿ ಅವರು ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1924ರಲ್ಲಿ ಅದನ್ನು ಸಾತಾರಕ್ಕೆ ತಂದರು. ಎಲ್ಲ ಜಾತಿಯ ಹುಡುಗರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದ ಅವರ ವಸತಿಗೃಹಕ್ಕೆ 1927ರಲ್ಲಿ ಗಾಂಧೀಜಿಯವರ ಕೈಯಿಂದ ಶಾಹು ಮಹಾರಾಜರ ಹೆಸರನ್ನಿಡಿಸಲಾಯಿತು. ಹುಡುಗರ ಊಟಕ್ಕೆ ಕಷ್ಟವಾದಾಗ ಪತ್ನಿ ಲಕ್ಷ್ಮೀಬಾಯಿಯವರು ತಮ್ಮ ಮಂಗಳಸೂತ್ರವನ್ನೇ ಕೊಟ್ಟರೆಂಬುದನ್ನು ಮಹಾರಾಷ್ಟ್ರದ ಮಕ್ಕಳೆಲ್ಲ ಕೇಳಿ ಬೆಳೆದಿದ್ದಾರೆ. ಸ್ವಾವಲಂಬನೆಯ ಶಿಕ್ಷಣವೇ ಸಂಸ್ಥೆಯ ಧ್ಯೇಯವಾಯಿತು. 1947ರಲ್ಲಿ ಸಾತಾರದಲ್ಲಿ ಆರಂಭವಾದ ಛತ್ರಪತಿ ಶಿವಾಜಿ ಕಾಲೇಜಿನಲ್ಲಿ ಈ ತತ್ತ್ವ ‘ಕಮವಾ ಆಣಿ ಶಿಕಾ’, ಅಂದರೆ ‘ಗಳಿಸು, ಕಲಿ’ ಎಂಬ ಯೋಜನೆಯಾಗಿ ನೆಲೆಗೊಂಡಿತು. ಹುಡುಗರು ಹೊಲ ಉತ್ತರು, ದಾರಿ ಮಾಡಿದರು, ಕಲ್ಲು ಹೊತ್ತರು. ಅದರ ಫಲವಾಗಿ ಓದಿದರು. ದಾನ ಪಡೆದವನೆಂಬ ಭಾವನೆ ಅವರನ್ನು ಕಾಡಲಿಲ್ಲ. ವಾರಾನ್ನಕ್ಕೂ ಇದಕ್ಕೂ ಇರುವ ಅಂತರ ಇದೇ.

ಕಾಲ ಕಳೆದಂತೆ ಈ ಯೋಜನೆ ಹೊಲದಿಂದ ಕಟ್ಟಡದೊಳಗೆ ಬಂದಿತು. ಪುಣೆ ವಿಶ್ವವಿದ್ಯಾಲಯ ಕರ್ಮವೀರರ ಹೆಸರಿನಲ್ಲೇ ಇದನ್ನು ನಡೆಸುತ್ತಿದೆ. ನಗರದ ಕಾಲೇಜಿಗೆ ಹೊಲವೆಲ್ಲಿಂದ ಬರಬೇಕು? ಕಚೇರಿ, ಪ್ರಯೋಗಶಾಲೆ, ತೋಟ, ಎಲ್ಲಕ್ಕಿಂತ ಹೆಚ್ಚಾಗಿ ಗ್ರಂಥಾಲಯ, ಇವೇ ವಿದ್ಯಾರ್ಥಿಗಳ ಹೊಲಗಳಾದವು.

ನಾವು ನೆಲೆಸಿರುವ ಈ ಪ್ರದೇಶಕ್ಕೂ ಪುಸ್ತಕ ಹೊಸದಲ್ಲ. ಕಲ್ಯಾಣದ ಸಾರ್ವಜನಿಕ ವಾಚನಾಲಯ ಹುಟ್ಟಿದ್ದು 1864ರಲ್ಲಿ. ಥಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರಲ್ಲಿ. ಕಾಲೇಜುಗಳು ಬಂದದ್ದು ಬಹಳ ತಡವಾಗಿ. ಥಾಣೆಯಲ್ಲಿ ಜೋಶಿ-ಬೇಡೇಕರ್ ಕಾಲೇಜು 1969ರಲ್ಲಿ, ಕಲ್ಯಾಣದಲ್ಲಿ ಬಿರ್ಲಾ ಕಾಲೇಜು 1972ರಲ್ಲಿ ಆರಂಭವಾದವು. ಸಿಡ್ಕೋ ಸಂಸ್ಥೆ 1970ರಲ್ಲಿ ಹುಟ್ಟಿ ಖಾಡಿಯಾಚೆ ಹೊಸ ನಗರವನ್ನು ಕಟ್ಟತೊಡಗಿತು. ರಯತ ಸಂಸ್ಥೆಯೂ ಇತ್ತ ಬಂದು 1970ರಲ್ಲಿ ಪನವೇಲಿನಲ್ಲಿ ಮಹಾತ್ಮಾ ಫುಲೆ ಕಾಲೇಜನ್ನೂ 1979ರಲ್ಲಿ ವಾಶಿಯಲ್ಲಿ ಕರ್ಮವೀರರ ಹೆಸರಿನ ಕಾಲೇಜನ್ನೂ ತೆರೆಯಿತು. ಸಾತಾರದ ಹೊಲದಲ್ಲಿ ಮೊಳೆತ ಮಾತು ಹೀಗೆ ನಮ್ಮ ಮನೆಬಾಗಿಲಿಗೇ ಬಂದಿದೆ.

ಇನ್ನು, ಗ್ರಂಥಾಲಯದಲ್ಲಿ ದುಡಿಯುವ ವಿದ್ಯಾರ್ಥಿ ಎಂದರೆ ಕಪಾಟು ಒರೆಸುವ ಆಳು ಎಂದು ಭಾವಿಸುವವರಿಗೆ ಒಂದು ಕಥೆ ಹೇಳಬೇಕು. ಅಮೆರಿಕದ ಆಮ್ಹರ್ಸ್ಟ್ ಕಾಲೇಜಿಗೆ 1870ರಲ್ಲಿ ಮೆಲ್ವಿಲ್ ಡ್ಯೂಯಿ ಎಂಬ ಹುಡುಗ ಓದಲು ಸೇರಿದ. ಖರ್ಚಿಗಾಗಿ 1872ರಿಂದ ಕಾಲೇಜಿನ ಗ್ರಂಥಾಲಯದಲ್ಲೇ ಕೆಲಸ ಹಿಡಿದ. ಆಗ ಪುಸ್ತಕಕ್ಕೆ ಕೊಡುತ್ತಿದ್ದ ಸಂಖ್ಯೆ ಅದು ಕುಳಿತ ಕಪಾಟಿನದು, ಪುಸ್ತಕದ ವಿಷಯದ್ದಲ್ಲ. ಹೊಸ ಪುಸ್ತಕಗಳು ಬಂದು ಕಪಾಟು ತುಂಬಿದರೆ ಹಳೆಯ ಸಂಖ್ಯೆಗಳನ್ನೆಲ್ಲ ಅಳಿಸಿ ಬರೆಯಬೇಕು. ಈ ವ್ಯರ್ಥ ಶ್ರಮವನ್ನು ಕಂಡು ಬೇಸತ್ತ ಹುಡುಗ, ವಿಷಯಕ್ಕೇ ದಶಮಾಂಶದ ಸಂಖ್ಯೆ ಕೊಡುವ ಉಪಾಯ ಹೂಡಿದ. 1876ರಲ್ಲಿ ಅದು 44 ಪುಟಗಳ ಪುಸ್ತಕವಾಗಿ ಹೊರಬಂತು. ಇಂದು ಲೋಕದ ಅಸಂಖ್ಯ ಗ್ರಂಥಾಲಯಗಳು ಬಳಸುವ ದಶಮಾಂಶ ವರ್ಗೀಕರಣ ಇದೇ. ಅದು ಮೊಳೆತದ್ದು ಕೌಂಟರಿನ ಹಿಂದೆ ನಿಂತ ಒಬ್ಬ ವಿದ್ಯಾರ್ಥಿ ಸಹಾಯಕನ ತಲೆಯಲ್ಲಿ.

ಡೊಂಬಿವಲಿಯ ನಮ್ಮ ಹುಡುಗಿಯೂ ಆ ಸಂಖ್ಯೆಗಳನ್ನೇ ಕಲಿಯುತ್ತಿದ್ದಾಳೆ. ವಾಪಸು ಬಂದ ಪುಸ್ತಕವನ್ನು ಬೆನ್ನಿನ ಚೀಟಿ ನೋಡಿ ಅದರದೇ ಜಾಗಕ್ಕೆ ಸೇರಿಸುವುದು ಅವಳ ಮೊದಲ ಕೆಲಸ. ಜಾಗ ತಪ್ಪಿದ ಪುಸ್ತಕ ಕಳೆದುಹೋದ ಪುಸ್ತಕವೇ ಸರಿ. ಕಂಪ್ಯೂಟರಿನಲ್ಲಿ ಹೆಸರಿದ್ದರೂ ಕೈಗೆ ಸಿಗದು. ಮರಾಠಿ ಸಾಹಿತ್ಯಕ್ಕೆ 891.46, ಕನ್ನಡ ಸಾಹಿತ್ಯಕ್ಕೆ 894.814 ಎಂದು ನಮಗೆ ಹೇಳಿಕೊಟ್ಟವಳು ಅವಳೇ. ದಶಕಗಳಿಂದ ಕನ್ನಡ ಪುಸ್ತಕ ಓದುತ್ತಿರುವ ನಮಗೆ ಇದು ಗೊತ್ತಿರಲಿಲ್ಲ! ಹೊಸ ಪುಸ್ತಕವನ್ನು ದಾಖಲೆಗೆ ಏರಿಸುವುದು, ಬಾರ್‌ಕೋಡ್ ಅಂಟಿಸುವುದು, ಹೊಸದಾಗಿ ಸೇರಿದವರಿಗೆ ಪುಸ್ತಕ ಹುಡುಕಿಕೊಡುವುದು, ವರ್ಷಕ್ಕೊಮ್ಮೆ ಪುಸ್ತಕಗಳ ಎಣಿಕೆಗೆ ಕೈಜೋಡಿಸುವುದು, ಇವೆಲ್ಲ ಮುಂದಿನ ಪಾಠಗಳು. ಯಾರು ಯಾವ ಪುಸ್ತಕ ಒಯ್ದರೆಂದು ಹೊರಗೆ ಆಡಬಾರದೆಂಬುದು ಎಲ್ಲಕ್ಕಿಂತ ದೊಡ್ಡ ಪಾಠ.

ಅಮೆರಿಕದ ಮಾತು ಬಂದುದರಿಂದ ಇನ್ನೊಂದು ಸಂಗತಿ. ಅಲ್ಲಿ ಆರ್ಥಿಕ ಕುಸಿತದ ದಿನಗಳಲ್ಲಿ ಸರಕಾರವೇ ಹಣ ಕೊಟ್ಟು ವಿದ್ಯಾರ್ಥಿಗಳಿಗೆ ಕಾಲೇಜಿನೊಳಗೆ ಕೆಲಸ ಕೊಡಿಸಿತು. 1964ರ ಶಾಸನದಿಂದ ಆ ಪದ್ಧತಿ ಸ್ಥಿರವಾಯಿತು. ಇಂದು ಅಲ್ಲಿಗೆ ಓದಲು ಹೋದ ನಮ್ಮ ಮಕ್ಕಳು ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮೀರದಂತೆ ವಿಶ್ವವಿದ್ಯಾಲಯದೊಳಗೆ ದುಡಿಯಬಹುದು. ಹಲವರು ಗ್ರಂಥಾಲಯದಲ್ಲೇ ದುಡಿಯುತ್ತಾರೆ. “ನಮ್ಮವನಿಗೆ ಯೂನಿವರ್ಸಿಟಿ ಲೈಬ್ರರಿಯಲ್ಲಿ ಕೆಲಸ ಸಿಕ್ಕಿತು” ಎಂದು ಮದುವೆಮನೆಯಲ್ಲಿ ಹೆಮ್ಮೆಯಿಂದ ಹೇಳುವ ತಂದೆತಾಯಂದಿರನ್ನು ನಾವು ಕಂಡಿದ್ದೇವೆ. ಸಮುದ್ರದಾಚೆ ಹೆಮ್ಮೆಯಾದ ಕೆಲಸ ಡೊಂಬಿವಲಿಯಲ್ಲಿ ಅವಮಾನವಾಗುವುದು ಹೇಗೆ?

ಹಾಗೆಂದು ತಂದೆಯ ಆತಂಕವನ್ನು ತಳ್ಳಿಹಾಕಲಾಗದು. ಅದರಲ್ಲಿ ಒಂದು ಸತ್ಯವಿದೆ. ನಿವೃತ್ತರಾದ ಗ್ರಂಥಾಲಯ ಸಿಬ್ಬಂದಿಯ ಜಾಗ ತುಂಬದೆ, ಅಗ್ಗದ ಕೈಗಳೆಂದು ವಿದ್ಯಾರ್ಥಿಗಳನ್ನು ನಿಲ್ಲಿಸಿಕೊಂಡರೆ ಅದು ಗಳಿಕೆಯೂ ಅಲ್ಲ, ಕಲಿಕೆಯೂ ಅಲ್ಲ. ತರಬೇತಿ ಪಡೆದ ಗ್ರಂಥಪಾಲರ ಸ್ಥಾನವನ್ನು ವಿದ್ಯಾರ್ಥಿ ತುಂಬಲಾರ, ತುಂಬಲೂಬಾರದು. ಗೌರವಧನ ತಿಂಗಳುಗಟ್ಟಲೆ ತಡವಾಗಬಾರದು. ಪರೀಕ್ಷೆಯ ದಿನಗಳಲ್ಲಿ ಬಿಡುವು ಸಿಗಬೇಕು. ರಾತ್ರಿಯ ಹೊತ್ತು ಕರ್ಜತ್ ಲೋಕಲಿನ ನೂಕುನುಗ್ಗಲಿನಲ್ಲಿ ಹೆಣ್ಣುಮಗಳು ಒಬ್ಬಳೇ ಮರಳುವಂತಾಗಬಾರದು. ಬೆಂಗಳೂರಿನಲ್ಲಿ ತಮ್ಮ ಕೊನೆಯ ವರ್ಷಗಳನ್ನು ಕಳೆದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ, ಓದುಗನ ಸಮಯವನ್ನು ಉಳಿಸಬೇಕೆಂಬುದೂ ಒಂದು. ಕೌಂಟರಿನ ಹಿಂದೆ ನಿಂತ ಹುಡುಗಿಯೂ ಓದುಗಳೇ ಎಂಬುದನ್ನು ಕಾಲೇಜುಗಳು ಮರೆಯಬಾರದು. ಮಗಳನ್ನು ತಡೆಯುವ ಬದಲು ತಂದೆ ಕಾಲೇಜಿಗೆ ಹೋಗಿ ಈ ಪ್ರಶ್ನೆಗಳನ್ನು ಕೇಳಿ ಬರಲಿ. ಅದು ತಂದೆಯ ಹಕ್ಕು, ಕರ್ತವ್ಯವೂ ಹೌದು.

ಇಷ್ಟನ್ನೂ ಮತ್ತೊಮ್ಮೆ ಆ ಮನೆಗೆ ಹೋದಾಗ ಹೇಳಿದೆವು. ತಂದೆ ಸುಮ್ಮನೆ ಕೇಳಿಸಿಕೊಂಡರು. “ನಾನು ದುಡಿದ ಕಡೆ ಓದಲು ಒಂದು ಹಳೆಯ ಪತ್ರಿಕೆಯೂ ಇರಲಿಲ್ಲ ಮಾರಾಯ್ರೇ” ಎಂದಷ್ಟೇ ನುಡಿದರು. ಮಗಳಿಗೆ ಅನುಮತಿ ಸಿಕ್ಕಿದೆ, ಪರೀಕ್ಷೆಯ ತಿಂಗಳು ಬಿಟ್ಟು.

ಕೊನೆಯದಾಗಿ, ನಮ್ಮ ಕನ್ನಡ ಸಂಘಗಳಿಗೂ ಒಂದು ಮಾತು. ಉಪನಗರಗಳ ಎಷ್ಟೋ ಸಂಘಗಳಲ್ಲಿ ಹಿರಿಯರು ಊರಿನಿಂದ ಹೊತ್ತು ತಂದ ಕನ್ನಡ ಪುಸ್ತಕಗಳು ಬೀಗ ಹಾಕಿದ ಕಪಾಟಿನಲ್ಲಿವೆ. ಬೀಗದ ಕೈ ಯಾರ ಬಳಿ ಇದೆಯೆಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತೇವೆ. ಪ್ರತಿವರ್ಷ ವಿದ್ಯಾರ್ಥಿವೇತನಕ್ಕೆ ತೆಗೆದಿಡುವ ಹಣದಲ್ಲಿ ಒಂದು ಪಾಲನ್ನು ಗೌರವಧನವಾಗಿ ಕೊಟ್ಟು, ಕಾಲೇಜು ಗ್ರಂಥಾಲಯದಲ್ಲಿ ಪಳಗಿದ ಇಂತಹ ಇಬ್ಬರು ಮಕ್ಕಳಿಗೆ ಆ ಕಪಾಟನ್ನು ಒಪ್ಪಿಸಬಾರದೇಕೆ? ಅವರು ಪಟ್ಟಿ ಮಾಡಲಿ, ಬೆನ್ನಿಗೆ 894.814 ಎಂದು ಚೀಟಿ ಅಂಟಿಸಲಿ, ಭಾನುವಾರ ಎರಡು ಗಂಟೆ ಬಾಗಿಲು ತೆರೆದು ಕುಳಿತಿರಲಿ. ಕನ್ನಡ ಲಿಪಿ ಮರೆಯುತ್ತಿರುವ ಮಕ್ಕಳು ಬೆನ್ನಿನ ಹೆಸರುಗಳನ್ನು ಓದುವ ನೆವದಲ್ಲಾದರೂ ಅಕ್ಷರ ಕೂಡಿಸಿಯಾರು. ವಾರಾನ್ನ ಕೊಟ್ಟ ಹಿರಿಯರು, ರಾತ್ರಿಶಾಲೆ ಕಟ್ಟಿದ ಹಿರಿಯರು ತಮ್ಮ ಕಾಲಕ್ಕೆ ತಕ್ಕುದನ್ನು ಮಾಡಿದರು. ನಮ್ಮ ಕಾಲಕ್ಕೆ ತಕ್ಕುದು ಇದೆಂದು ನಮಗೆ ತೋರುತ್ತದೆ. ಓದುಗರು ಮನೆಯಲ್ಲಿ ಮಕ್ಕಳೊಡನೆ ಕುಳಿತು ಯೋಚಿಸಲಿ.