ಮತ್ಸ್ಯಹೃದಯವೂ ರಕ್ತಪರಿಚಲನ ಸಿದ್ಧಾಂತವೂ

ಕ್ರಿ. ಶ. 1628ರಲ್ಲಿ ಫ್ರಾಂಕ್‌ಫರ್ಟ್ ನಗರದಲ್ಲಿ ಅಚ್ಚಾದ ಕಿರಿಯ ಲ್ಯಾಟಿನ್ ಗ್ರಂಥವೊಂದರಿಂದ ಆಂಗ್ಲ ವೈದ್ಯನಾದ ವಿಲಿಯಂ ಹಾರ್ವೆಯು ರಕ್ತಪರಿಚಲನ ಸಿದ್ಧಾಂತವನ್ನು ಸ್ಥಾಪಿಸಿದನೆಂಬುದು ವಿದ್ವಜ್ಜನರಿಗೆ ವಿದಿತವಾದುದೇ. ಆ ಸಿದ್ಧಾಂತಕ್ಕೆ ಮೀನು, ಸೀಗಡಿಗಳಂತಹ ಜಲಚರಗಳು ನೀಡಿದ ಸಾಕ್ಷ್ಯವು ಎಂತಹುದೆಂಬುದನ್ನು ವಿಚಾರಿಸುವುದು ಉಚಿತವಾಗಿದೆ.

ಕ್ರಿ. ಶ. 2ನೆಯ ಶತಮಾನದ ಗ್ರೀಕ್ ವೈದ್ಯನಾದ ಗೇಲನನ ಮತದಂತೆ, ರಕ್ತವು ಅನ್ನರಸದಿಂದ ಯಕೃತ್ತಿನಲ್ಲಿ ಹುಟ್ಟಿ, ಸಿರೆಗಳ ಮೂಲಕ ಅಂಗಾಂಗಗಳಿಗೆ ಹರಿದು ಅಲ್ಲಿಯೇ ವ್ಯಯವಾಗುವುದು. ಅದರಲ್ಲೊಂದಂಶವು ಹೃದಯದ ಎರಡು ಕುಕ್ಷಿಗಳ ನಡುವಣ ಗೋಡೆಯ ಅದೃಶ್ಯ ರಂಧ್ರಗಳಲ್ಲಿ ಜಿನುಗಿ ಬಲದಿಂದ ಎಡಕ್ಕೆ ದಾಟುವುದು. ಯಾರ ಕಣ್ಣಿಗೂ ಬೀಳದ ಈ ರಂಧ್ರಗಳನ್ನು ಯುರೋಪಿನ ಪಂಡಿತರಲ್ಲಿ ಬಹುಮಂದಿ ಸಾವಿರ ವರ್ಷಗಳಿಗೂ ಮಿಕ್ಕಿ ಆಪ್ತವಾಕ್ಯವೆಂದು ನಂಬಿದ್ದರು.

ಹಾರ್ವೆಗೂ ಮೊದಲು ದಿಕ್ಕು ತೋರಲಿಲ್ಲ. ಬಿಸಿರಕ್ತದ ಪ್ರಾಣಿಗಳ ಹೃದಯವು ಅತಿಶೀಘ್ರವಾಗಿ ಮಿಡಿಯುವುದರಿಂದ, ಅದು ಕುಗ್ಗುವುದಾವಾಗ, ಹಿಗ್ಗುವುದಾವಾಗ ಎಂಬುದೇ ಅವನಿಗೆ ನಿಶ್ಚಯವಾಗಲಿಲ್ಲ. ಆಗ ಅವನು ಮೀನು, ಕಪ್ಪೆ, ಹಾವು ಮುಂತಾದ ತಣ್ಣನೆಯ ರಕ್ತದ ಜೀವಿಗಳತ್ತ ತಿರುಗಿದನು. ಅವುಗಳ ಹೃದಯವು ಮೆಲ್ಲಮೆಲ್ಲನೆ ಮಿಡಿಯುತ್ತದೆ. ಮೀನಿಗಾದರೋ ಕುಕ್ಷಿಯು ಒಂದೇ. ಸಿರೆಗಳಿಂದ ಬಂದ ರಕ್ತವನ್ನು ಹೃದಯವು ಧಮನಿಗೆ ನೂಕುವುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನಡುಗೋಡೆಯೇ ಇಲ್ಲದಲ್ಲಿ ರಂಧ್ರಗಳ ಮಾತೆಲ್ಲಿಯದು? ಥೇಮ್ಸ್ ನದಿಯಲ್ಲಿ ದೊರೆಯುವ, ಮೈಯೆಲ್ಲ ಪಾರದರ್ಶಕವಾದ ಒಂದು ಬಗೆಯ ಸಣ್ಣ ಸೀಗಡಿಯ ಹೃದಯವು ಮಿಡಿಯುವುದನ್ನು, ಕಿಟಕಿಯಿಂದ ನೋಡುವಂತೆ, ಹಾರ್ವೆಯು ತನ್ನ ಮಿತ್ರರಿಗೆ ತೋರಿಸಿದ್ದನು. ಮನುಷ್ಯದೇಹವೊಂದನ್ನೇ, ಅದೂ ಸತ್ತ ಮೇಲೆ, ಸೀಳಿ ನೋಡಿ ಸರ್ವಪ್ರಾಣಿಗಳ ವಿಷಯದಲ್ಲಿ ನಿರ್ಣಯ ಹೇಳುವವರನ್ನು ಅವನು ಆಕ್ಷೇಪಿಸಿರುವುದು ನ್ಯಾಯವೇ ಸರಿ.

ಆದರೂ ಧಮನಿಯ ತುದಿಯಿಂದ ಸಿರೆಗೆ ರಕ್ತವು ಸೇರುವ ದಾರಿಯು ಹಾರ್ವೆಗೆ ಅನುಮಾನಪ್ರಮಾಣದಿಂದ ಮಾತ್ರ ಸಿದ್ಧವಾಗಿತ್ತು. 1661ರಲ್ಲಿ ಇಟಲಿಯ ಮಾಲ್ಪೀಘಿಯು ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮನಾಳಗಳನ್ನು ಕಂಡನು. 1688ರಲ್ಲಿ ಹಾಲೆಂಡಿನ ಲೇವನ್‌ಹುಕನು ಗೊದಮೊಟ್ಟೆಗಳ ಮತ್ತು ಸಣ್ಣ ಮೀನುಗಳ ಬಾಲದಲ್ಲಿ ರಕ್ತಕಣಗಳು ಆ ನಾಳಗಳೊಳಗೆ ಓಡುವುದನ್ನೇ ವರ್ಣಿಸಿದನು. ಅನುಮಾನವು ಪ್ರತ್ಯಕ್ಷದಲ್ಲಿ ನೆಲೆಗೊಳ್ಳಲು ಅರವತ್ತು ವರ್ಷಗಳು ಹಿಡಿದವು.

ಇಲ್ಲೊಂದು ವಿಚಿತ್ರವುಂಟು. ಮೀನಿನ ಹೃದಯವು ಬಳಸಿ ಬಂದ ರಕ್ತವನ್ನು ಕಿವಿರುಗಳಿಗೆ ಕಳುಹಿಸುತ್ತದೆ. ಅಲ್ಲಿ ಶುದ್ಧವಾದ ರಕ್ತವು ಹೃದಯಕ್ಕೆ ಮರಳದೆ ನೇರವಾಗಿ ಶರೀರವನ್ನೆಲ್ಲ ಸುತ್ತುತ್ತದೆ. ಸೀಗಡಿಯಲ್ಲಿ ಇದಕ್ಕೆ ವಿಪರೀತ: ಕಿವಿರುಗಳಲ್ಲಿ ಶುದ್ಧವಾದ ರಕ್ತವೇ ಹೃದಯಕ್ಕೆ ಬರುತ್ತದೆ, ಅಲ್ಲಿಂದ ಹೊರಟು ಧಮನಿಗಳ ತುದಿಯಲ್ಲಿ ಬಯಲಾಗಿ, ಅಂಗಗಳ ನಡುವಣ ತೆರವುಗಳಲ್ಲಿ ಹರಡಿ, ಪುನಃ ಕಿವಿರುಗಳನ್ನು ಸೇರುತ್ತದೆ. ಹಾರ್ವೆಯು ಸಾಕ್ಷಿಯಾಗಿ ಕರೆದ ಜೀವಿಗೆ ಮುಚ್ಚಿದ ನಾಳಗಳ ಚಕ್ರವೇ ಇಲ್ಲ! ಅದರ ರಕ್ತವೂ ಕೆಂಪಲ್ಲ. ಕಬ್ಬಿಣದ ಸ್ಥಾನದಲ್ಲಿ ತಾಮ್ರವುಳ್ಳ ಹೀಮೋಸಯನಿನ್ ಎಂಬ ದ್ರವ್ಯವು ಅದರಲ್ಲಿದ್ದು, ಪ್ರಾಣವಾಯು ಸೇರಿದೊಡನೆ ನೀಲವರ್ಣವನ್ನು ತಾಳುತ್ತದೆ. ಈ ದ್ರವ್ಯಕ್ಕೆ ಆ ಹೆಸರನ್ನಿಟ್ಟವನು ಬೆಲ್ಜಿಯಂ ದೇಶದ ಫ್ರೆಡರಿಕ್. 1878ರಲ್ಲಿ, ಅಷ್ಟಪದಿಯ ರಕ್ತವನ್ನು ಪರೀಕ್ಷಿಸುವಾಗ.